ಬೆನ್ನಿಗೆ ಕೇಳುವ ದನಿ

ತಾರವ್ವನ ಬೆನ್ನು ಮತ್ತೆ ಬಾಗತೊಡಗಿತ್ತು. ಮಾಳಸಿದ್ದ ಪಡಸಾಲೆಯ ಗೋಡೆಗೆ ಒರಗಿ ಪೇಪರು ಓದುವವನ ಹಾಗೆ ಕೂತಿದ್ದ. ಕಣ್ಣು ಮಾತ್ರ ಪೇಪರಿನ ಅಂಚು ದಾಟಿ, ಒಳಕೋಣೆಯ ಬಾಗಿಲಲ್ಲಿ ಕಾಣುವ ಮಗಳ ಬೆನ್ನಿನ ಮೇಲಿತ್ತು. ಎಂಟು ಗಂಟೆಗೆ ಜಳಕ ಮಾಡಿ ಬಂದು ಟೇಬಲ್ಲಿಗೆ ಕೂತಾಗ ಬೆನ್ನು ನೆಟ್ಟಗಿತ್ತು. ಎಂಟೂವರೆಗೆ ಕುತ್ತಿಗೆ ಇಳಿಯಿತು. ಒಂಬತ್ತಕ್ಕೆ ಹೆಗಲು. ಈಗ ಹತ್ತಾಗುತ್ತ ಬಂದಿದೆ, ಮೂಗು ಗಣಿತದ ಪುಸ್ತಕಕ್ಕೆ ತಾಗುವುದೊಂದು ಬಾಕಿ. ಎದ್ದು ಹೋಗಿ ‘ನೆಟ್ಟಗ ಕೂಡವಾ’ ಎಂದರೆ ಮುಗಿಯಿತು. ಆದರೆ ಆ ಮಾತಿಗೆ ಈ ಮನೆಯಲ್ಲಿ ಗುರುವಾರ ಸಂಜೆಯಿಂದ ಬಂದಿ ಬಿದ್ದಿದೆ. ತಾರವ್ವ ಪೆನ್ನನ್ನು ಗೋಡೆಗೆ ಎಸೆದು, ತುಟಿ ನಡುಗಿಸುತ್ತ ಹೇಳಿದ್ದಳು: “ಇನ್ನೊಂದ ಸಲ ನೆಟ್ಟಗ ಕೂಡು ಅಂದ್ರ ನಾ ಪರೀಕ್ಷೀಗೇ ಹೋಗಂಗಿಲ್ಲ ನೋಡಪಾ. ಲೆಕ್ಕ ಹತ್ತೂ ಹೊತ್ತಿಗೇ ಅಂತಿ. ತಲ್ಯಾಗಿಂದು ಎಲ್ಲಾ ಹಾರಿ ಹೋಗತೈತಿ.” ಹದಿಮೂರು ವರ್ಷದ ಹುಡುಗಿ, ಆಡಿದರೆ ಆಡಿದ್ದೇ, ಮಾಡಿಯೇ ತೀರುವವಳು. ಏಳನೆಯ ಇಯತ್ತೆಯ ಪಬ್ಲಿಕ್ ಪರೀಕ್ಷೆಗೆ ಇನ್ನು ಒಂಬತ್ತು ದಿನ. ಹಾಗಂತ ಸುಮ್ಮನಿರಲು ಬರುವಂತಿಲ್ಲ. ಜನವರಿಯಲ್ಲಿ ಮಿರಜಿಗೆ ಕರೆದೊಯ್ದಾಗ ಡಾಕ್ಟರು ಅವಳ ಬೆನ್ನೆಲುಬನ್ನು ಮೇಲಿಂದ ಕೆಳಗೆ ಒಂದೊಂದಾಗಿ ಒತ್ತಿ ನೋಡಿ, ಇದು ಬಾಗುತ್ತಿದೆ, ಇನ್ನೂ ಎಳೆಯ ಎಲುಬು, ಕೂಡುವ ರೀತಿ ತಿದ್ದಿಕೊಂಡರೆ ಸರಿಹೋದೀತು, ಇಲ್ಲವಾದರೆ ಜೂನ್ ಹೊತ್ತಿಗೆ ಬೆನ್ನಿಗೆ ಪಟ್ಟಾ ಕಟ್ಟಬೇಕಾಗುತ್ತದೆ ಎಂದು ಮರಾಠಿಯಲ್ಲಿ ಹೇಳಿದ್ದರು. ಬಸ್ಸು ಕಾಗವಾಡ ದಾಟುವವರೆಗೂ ಹೆಂಡತಿ ದುಂಡವ್ವ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, “ಪಟ್ಟಾ ಕಟ್ಟಿದ ಹುಡುಗೀನ ನಾಳೆ ಯಾರ ಮಾಡ್ಕೋತಾರ್ರಿ?” ಎಂದು ಅತ್ತಿದ್ದಳು. ಹೇಳಿದರೆ ಪರೀಕ್ಷೆ ಕೆಡುತ್ತದೆ, ಹೇಳದಿದ್ದರೆ ಬೆನ್ನು ಕೆಡುತ್ತದೆ. ಅತ್ತ ದರಿ ಇತ್ತ ಪುಲಿ ಎಂಬುದನ್ನು ಮಾಳಸಿದ್ದ ಬೇರೆಯವರ ಅರ್ಜಿಗಳಲ್ಲಿ ಎಷ್ಟೋ ಸಲ ಟೈಪು ಮಾಡಿದ್ದ. ಈಗ ಅದು ಅವನ ಪಡಸಾಲೆಗೇ ಬಂದು ಕೂತಿತ್ತು.

ಉಪಾಯಗಳೇನೂ ಕಡಿಮೆ ಆಗಿರಲಿಲ್ಲ. ಅಥಣಿಯ ಸರಕಾರಿ ಕಚೇರಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಟೈಪಿಸ್ಟ್ ಆದ ಅವನಿಗೆ ಮೊದಲು ಹೊಳೆದದ್ದು ಟೈಪು ಮಾಡುವುದೇ. ಕೆಂಪು ರಿಬ್ಬನ್ನಿನಲ್ಲಿ ‘ನೆಟ್ಟಗೆ ಕುಳಿತುಕೊಳ್ಳಬೇಕು’ ಎಂದು ಟೈಪಿಸಿ ಅವಳ ಎದುರಿನ ಗೋಡೆಗೆ ಅಂಟಿಸಿದ. ಮೊದಲ ದಿನ ನೋಡಿದಳು, ಮೂರನೆಯ ದಿನಕ್ಕೆ ಆ ಕಾಗದ ಗೋಡೆಯೇ ಆಗಿಹೋಯಿತು. ಕಚೇರಿಯ ಹರಾಜಿನಲ್ಲಿ ತಂದಿದ್ದ ಟೇಬಲ್ಲಿನ ಕಾಲಿಗೆ ಇಟ್ಟಂಗಿ ಕೊಟ್ಟು ಎತ್ತರಿಸಿದ. ಅವಳು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಓದತೊಡಗಿದಳು. ಬೆನ್ನಿಗೆ ಕೊಟ್ಟ ತಲೆದಿಂಬು ಸಂಜೆಯೊಳಗೆ ಬೆಕ್ಕಿನ ಪಾಲಾಯಿತು. ಗುರುವಾರದ ನಂತರ ಮಾತು ಬಿಟ್ಟು ಕೆಮ್ಮತೊಡಗಿದ. ಮೊದಲ ಎರಡು ಕೆಮ್ಮಿಗೆ ಬೆನ್ನು ಎದ್ದಿತು. ಮೂರನೆಯದಕ್ಕೆ ಅವಳು ಹಿಂದೆ ತಿರುಗದೆಯೇ, “ಅವ್ವಾ, ಅಪ್ಪಗ ಔಷಧ ಕೊಡ” ಎಂದಳು. ದುಂಡವ್ವ ಒಲೆಯ ಮುಂದೆ ಕೂತಲ್ಲಿಂದಲೇ, “ಮೊದಲ ನಿಮ್ಮ ಬೆನ್ನ ನೋಡ್ಕೋರಿ, ಕುಡಗೋಲ ಆಗೇತಿ” ಎಂದು ನಕ್ಕಳು. ಅದೂ ಖರೆಯೇ. ಕಚೇರಿಯಲ್ಲಿ ಅವನಿಗೆ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ‘ಅಲ್ಪವಿರಾಮ ಬಂದ್ರೇನು, ಫೈಲ್ ಕಳಸ್ರಿ’ ಎಂದು ಸಾಹೇಬರು ಒಮ್ಮೆ ಎದುರಿಗೇ ಅಂದಿದ್ದರು. ಅವನೂ ಹಲ್ಲು ಕಿರಿದಿದ್ದ. ನಗದಿದ್ದರೆ ಹೆಸರು ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದು ಶಾಲೆಯಲ್ಲೇ ಕಲಿತ ಪಾಠವಾಗಿತ್ತು.

ಒಂದು ಕಾಲಕ್ಕೆ ಅವನ ಬೆನ್ನು ನೆಟ್ಟಗಿತ್ತು. ಎಂಬತ್ತೆರಡನೆಯ ಇಸವಿಯ ಚಳಿಗಾಲ ಮತ್ತು ಬೇಸಿಗೆ, ಒಟ್ಟು ಮೂರು ತಿಂಗಳು. ಐನಾಪುರದ ಹೊರಗೆ ಸಹಪಾಠಿ ಕಾಕಾಸಾಹೇಬನ ಮನೆಯವರ ದ್ರಾಕ್ಷಿ ತೋಟ, ತೋಟದ ಮನೆ, ಮನೆಯ ಮುಂದಿನ ಜಗುಲಿಯಲ್ಲಿ ಒಂದು ಟೇಬಲ್ಲು, ಎರಡು ಕುರ್ಚಿ. ಒಂದರಲ್ಲಿ ಕಾಕಾಸಾಹೇಬ, ಇನ್ನೊಂದರಲ್ಲಿ ಅವನು. ಇಬ್ಬರೂ ಎಸ್ಸೆಸ್ಸೆಲ್ಸಿ. ಜುಗೂಳದಿಂದ ಅಪ್ಪ ಸತ್ಯಪ್ಪ ತನ್ನ ಕುರಿಗಳನ್ನು ಹೊಡೆದುಕೊಂಡು ಬಂದು ಅವರ ಕಬ್ಬು ಕಡಿದ ಹೊಲದಲ್ಲಿ ನಿಲ್ಲಿಸಿದ್ದ. ಕುರಿ ನಿಂತ ಹೊಲಕ್ಕೆ ಗೊಬ್ಬರ ಬೀಳುತ್ತದೆ. ಅದಕ್ಕೆ ಬದಲು ಬೇರೆ ಕುರುಬರೆಲ್ಲ ಜೋಳ ಕೇಳಿದರೆ ಅಪ್ಪ, “ಜ್ವಾಳ ನಿಮಗಿರ್ಲಿ ಅವ್ವಾರ, ನಮ್ಮ ಹುಡುಗ ನಿಮ್ಮ ಹುಡುಗನ ಬಾಜೂಕ ಕುಂತ ಓದ್ಲಿ” ಎಂದು ಕಾಕಾಸಾಹೇಬನ ತಾಯಿ ಚನ್ನವ್ವನನ್ನು ಕೇಳಿದ್ದ. ಮೊದಲ ದಿನ ಮಾಳಸಿದ್ದ ಕುರ್ಚಿಯ ಮೇಲೆ ಕಾಲು ಮಡಿಚಿ ಪದ್ಮಾಸನ ಹಾಕಿ ಕೂತ. ಕಂಬಳಿಯ ಮೇಲೆ ಕೂತು, ತೊಡೆಯ ಮೇಲಿನ ಪುಸ್ತಕಕ್ಕೆ ಬಾಗಿ ಓದಿದ್ದಷ್ಟೇ ಅವನಿಗೆ ಗೊತ್ತಿದ್ದದ್ದು. ಚನ್ನವ್ವ ಬಾಯಿಗೆ ಸೆರಗು ಹಚ್ಚಿ ನಕ್ಕು, “ಕಾಲ ಕೆಳಗ ಬಿಡೋ ತಮ್ಮಾ, ನೆಲಾ ಏನ್ ನಿನ್ನ ಕಡಿಯಂಗಿಲ್ಲ” ಎಂದಳು. ಕಾಲು ಕೆಳಗೆ ಬಿಟ್ಟರೂ ಬೆನ್ನು ಕಂಬಳಿಯ ಚಾಳಿ ಬಿಡಲಿಲ್ಲ. ಅರ್ಧ ತಾಸಿಗೆ ತಲೆ ಟೇಬಲ್ಲಿಗೆ ಇಳಿಯುತ್ತಿತ್ತು, ಒಂದು ತಾಸಿಗೆ ಹೆಗಲಲ್ಲಿ ಬೆಂಕಿ, ಒಂದೂವರೆ ತಾಸಿಗೆ ನಿದ್ದೆ.

ಆಮೇಲೆ ಯಾವಾಗಲೋ ಆ ನೋವು ತಾನಾಗಿಯೇ ಹೋಯಿತು. ಬೆಳಗಿನ ಶಾಲೆ ಮುಗಿಸಿ, ಮಧ್ಯಾಹ್ನ ಊಟ ಮಾಡಿ ಕೂತರೆ ಬಿಸಿಲು ಇಳಿಯುವವರೆಗೂ ಕೂತೇ ಇರುತ್ತಿದ್ದ. ಎದ್ದಾಗ ಮೈ ಹಗುರ. ಆ ಮಧ್ಯಾಹ್ನಗಳನ್ನು ನೆನೆದರೆ ಮಾಳಸಿದ್ದನಿಗೆ ಈಗಲೂ ಹೊಟ್ಟೆಯಲ್ಲಿ ಏನೋ ತಣ್ಣಗಾಗುತ್ತದೆ. ದ್ರಾಕ್ಷಿಗೆ ಹೊಡೆದ ಔಷಧದ ಗಂಧಕದ ವಾಸನೆ, ಗೋಡೆಯಾಚೆ ಮರಿಗಳ ಒದರಾಟ, ಎಲ್ಲಿಯೋ ಕಬ್ಬಿನ ಗಾಡಿಯ ಗೆಜ್ಜೆ, ಬೇವಿನ ಮರದ ಬುಡದಲ್ಲಿ ಕೂತು ಉಣ್ಣೆ ಹಿಂಜುವ ಅಪ್ಪ. ಇತಿಹಾಸದ ಇಸವಿಗಳೆಲ್ಲ ಆ ವಾಸನೆಯ ಜೊತೆಗೇ ತಲೆಯೊಳಗೆ ಇಳಿದಿದ್ದವು. ಅಷ್ಟು ಸುಖವಾಗಿ ಮುಂದೆ ಯಾವ ಕುರ್ಚಿಯಲ್ಲೂ ಅವನು ಕೂತಿಲ್ಲ. ಅಪ್ಪನ ಬಾಯಿಂದ ಒಂದು ಸಣ್ಣ ದನಿ ಬರುತ್ತಿತ್ತು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಮೆಲ್ಲಗೆ ಎರಡು ಸಲ ಬಿಡುವ ದನಿ, ಟ್ಲಕ್ ಟ್ಲಕ್ ಎಂದು. ಹುಟ್ಟಿದಾಗಿನಿಂದ ಕೇಳಿದ್ದರಿಂದ ಅದು ಕಿವಿಗೆ ಗಾಳಿಯಷ್ಟೇ ಸಹಜವಾಗಿತ್ತು. ಹೊಲದ ಬದುವಿನಲ್ಲಿ ಕುರಿಗಳು ಮೇಯುತ್ತ ಮೇಯುತ್ತ ಬೆಳೆಯ ಕಡೆ ಸರಿದಾಗ ಅಪ್ಪ ಕೂಗುತ್ತಿರಲಿಲ್ಲ, ಕಲ್ಲು ಬೀರುತ್ತಿರಲಿಲ್ಲ, ಬಡಿಗೆಯನ್ನು ಹೆಗಲ ಮೇಲಿಂದ ಇಳಿಸುತ್ತಿರಲಿಲ್ಲ. ಆ ದನಿ ಮಾಡುತ್ತಿದ್ದ, ಅಷ್ಟೆ. ಇಡೀ ಹಿಂಡು ಬಾಯಿ ನೆಲದಿಂದ ಎತ್ತದೆ, ಮೇಯುತ್ತಲೇ ಹೊರಳುತ್ತಿತ್ತು. “ಮೇಯೂ ಕುರಿ ತಲಿ ಎತ್ತಬಾರದು. ತಲಿ ಎತ್ತಿತು ಅಂದ್ರ ಮೇವ ಮರೀತೈತಿ, ಮತ್ತ ಬಾಯಿ ಹತ್ತಾಕ ಹೊತ್ತ ಹಿಡೀತೈತಿ” ಎನ್ನುತ್ತಿದ್ದ. ಬೇರೆ ಕುರುಬರು ತಮ್ಮ ಹುಡುಗರನ್ನು ಸತ್ಯಪ್ಪನ ಹಿಂದೆ ಎರಡು ದಿನ ಕಳಿಸಿ ಇದನ್ನು ಕಲಿಸಲು ನೋಡುತ್ತಿದ್ದರು. ದನಿಯೇನೋ ಬರುತ್ತಿತ್ತು, ಕುರಿಗಳು ಮಾತ್ರ ಹೊರಳುತ್ತಿರಲಿಲ್ಲ. ಬೇವಿನ ಬುಡದಲ್ಲಿ ಕೂತ ಅಪ್ಪನಿಗೆ ಮಗನ ಬೆನ್ನು ಬಾಗುವುದು ಕಾಣುತ್ತಿತ್ತು. ಓದುವ ಹುಡುಗನ ತಲೆ ಪುಸ್ತಕದಿಂದ ಏಳಬಾರದು, ಬೆನ್ನು ಮಾತ್ರ ಏಳಬೇಕು. ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ.

ಅದನ್ನು ಕಂಡುಹಿಡಿದವನು ಕಾಕಾಸಾಹೇಬ. ಒಂದು ಗುರುವಾರ ಶಾಲೆಯಲ್ಲಿ ಭೂಗೋಳದ ಪಾಠ ನಡೆದಿರುವಾಗ ಹಿಂದಿನ ಬೆಂಚಿನಿಂದ ಟ್ಲಕ್ ಟ್ಲಕ್ ಎಂದಿತು. ನೋಟುಬುಕ್ಕಿನ ಮೇಲೆ ಬಾಗಿದ್ದ ಮಾಳಸಿದ್ದ ನೆಟ್ಟಗಾದ. ಹಿಂದೆ ಕಿಸಕ್ಕೆಂದು ನಗು. ಸ್ವಲ್ಪ ಹೊತ್ತಿಗೆ ಮತ್ತೆ ಟ್ಲಕ್ ಟ್ಲಕ್. ಮತ್ತೆ ನೆಟ್ಟಗಾದ, ಅವನ ಕೈಯಲ್ಲಿ ಬರೆಯುವ ಪೆನ್ನು ನಿಲ್ಲಲೂ ಇಲ್ಲ. ಇಡೀ ತರಗತಿ ಹೋ ಎಂದಿತು. ಅವನೂ ತಿರುಗಿ ನೋಡಿ, ಏನು ವಿಷಯ ಎಂದು ತಿಳಿಯದೆ ಎಲ್ಲರ ಜೊತೆ ನಕ್ಕ. ಕಾಕಾಸಾಹೇಬ ಎದ್ದು ನಿಂತು ವಿವರಿಸಿದ: “ಸರ್, ಇವರಪ್ಪ ಹಿಂಗ ಮಾಡಿದ್ರ ಇಂವಾ ಕುರಿ ಹಂಗ ಹೊರಳ್ತಾನ್ರಿ!” ಮಾಸ್ತರರು ಸಿಟ್ಟು ಮಾಡಲು ಹೋಗಿ ಮೀಸೆಯೊಳಗೇ ನಕ್ಕುಬಿಟ್ಟರು. ಆ ನಗು ಮಾಳಸಿದ್ದನಿಗೆ ಹುಡುಗರ ನಗುವಿಗಿಂತ ಹೆಚ್ಚು ಚುಚ್ಚಿತು. ಮಾರನೆಯ ದಿನಕ್ಕೆ ಇಡೀ ಶಾಲೆ ಆ ದನಿ ಕಲಿಯಿತು. ನೀರಿನ ಟಾಕಿಯ ಹತ್ತಿರ, ಪ್ರಾರ್ಥನೆಯ ಸಾಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಟ್ಲಕ್ ಟ್ಲಕ್. ಮೈ ಮಾತ್ರ ಅವನ ಮಾತು ಕೇಳದು. ಪ್ರತಿ ಸಲವೂ ಬೆನ್ನು ಎದ್ದು ನಿಲ್ಲುತ್ತಿತ್ತು.

ಶನಿವಾರ ಮಧ್ಯಾಹ್ನ ಅವನು ಜಗುಲಿಗೆ ಹೋಗದೆ ನೇರ ಬೇವಿನ ಮರದ ಹತ್ತಿರ ಹೋದ. ದ್ರಾಕ್ಷಿ ಕಟಾವಿಗೆ ಬಂದ ಹೆಣ್ಣಾಳುಗಳು ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ಅವರೆಲ್ಲರ ಮುಂದೆ, “ನಾ ನಿನ್ನ ಕುರಿ ಅಲ್ಲ” ಎಂದ. ಅಪ್ಪ ಉಣ್ಣೆ ಹಿಂಜುವುದನ್ನು ನಿಲ್ಲಿಸಿ ಅವನ ಮುಖ ನೋಡಿದ, ತಿಳಿಯಲಿಲ್ಲ. “ಇನ್ನೊಂದ ಸಲ ಆ ದನಿ ಮಾಡಿದ್ರ ನಾ ನಿನಗ ಅಪ್ಪ ಅನ್ನಂಗಿಲ್ಲ. ನಾ ಓದೂ ಕಡೆ ಕಾಲ ಇಡಬ್ಯಾಡ. ನಿನ್ನ ಮೈ ನಾರತೈತಿ, ನಿನ್ನ ಸಲುವಾಗಿ ಎಲ್ಲಾರೂ ನಗ್ತಾರ.” ಮೈ ನಾರುತ್ತದೆ ಎಂಬುದು ಎಲ್ಲಿಂದ ಬಂತೋ. ಯಾರೂ ಹಾಗೆ ಅಂದಿರಲಿಲ್ಲ, ಬಾಯಿಗೆ ಬಂತು, ಅಂದುಬಿಟ್ಟ. ಒಬ್ಬ ಹೆಣ್ಣಾಳು, “ಅವ್ವಯ್ಯ, ಹಡದವಗ ಹಿಂಗ ಅಂತಾರೇನೋ” ಎಂದಳು. ಅಪ್ಪ ಮಾತ್ರ ಉಣ್ಣೆಯ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಆತಪ್ಪಾ” ಎಂದ. ಅಷ್ಟೇ ಅಂದ. ಸೋಮವಾರದಿಂದ ಬೇವಿನ ಬುಡ ಖಾಲಿಯಿತ್ತು. ಹುಡುಗ ಪಾಸಾದ, ಎರಡನೆಯ ದರ್ಜೆ. ಟೈಪಿಂಗ್ ಕಲಿತ, ನೌಕರಿ ಹಿಡಿದ, ಬೆನ್ನು ತನ್ನ ಹಳೆಯ ಚಾಳಿಗೆ ಮರಳಿತು. ಅಪ್ಪನೂ ಅವನೂ ಆ ದಿನದ ಬಗ್ಗೆ ಮುಂದೆಂದೂ ಮಾತಾಡಲಿಲ್ಲ. ಮಾತಾಡುವಂಥದ್ದೇನೂ ಆಗಲಿಲ್ಲವೆಂಬಂತೆ ಅಪ್ಪ ಅವನಿಗೆ ಹೆಣ್ಣು ನೋಡಿದ, ಮದುವೆ ಮಾಡಿದ, ಮೊಮ್ಮಗಳು ಹುಟ್ಟಿದಾಗ ಕುರಿಮರಿಯ ಉಣ್ಣೆಯ ಸಣ್ಣ ಕಂಬಳಿ ನೇಯಿಸಿಕೊಂಡು ಬಂದ.

“ಮಾಮಾರ ಬಂದ್ರು ನೋಡ್ರಿ” ಎಂದು ದುಂಡವ್ವ ಒಳಗಿಂದ ಹೇಳಿದಾಗ ಮಾಳಸಿದ್ದನ ಕೈಯಿಂದ ಪೇಪರು ಜಾರಿತು. ಹನ್ನೊಂದರ ಜುಗೂಳ ಬಸ್ಸಿಗೆ ಅಪ್ಪ ಬಂದಿದ್ದ. ಕೈಯಲ್ಲಿ ಗಿಣ್ಣದ ಹಾಲಿನ ಡಬ್ಬಿ, ತಲೆಗೆ ರುಮಾಲು, ಬಾಯಿಯಲ್ಲಿ ಮುಂದಿನ ಹಲ್ಲಿಲ್ಲ. ಕುರಿಗಳನ್ನು ಕಿರಿಯ ಮಗನಿಗೆ ಒಪ್ಪಿಸಿ ಎರಡು ವರ್ಷವಾಗಿತ್ತು. ಪಡಸಾಲೆಯಲ್ಲಿ ಕೂತು ನೀರು ಕುಡಿದ. ಒಳಕೋಣೆಯ ಕಡೆ ಕತ್ತು ಹಣಿಕಿಸಿ ಮೊಮ್ಮಗಳನ್ನು ನೋಡಿ, ದನಿ ತಗ್ಗಿಸಿ, “ಓದಾಕತ್ತಾಳೇನು?” ಎಂದ. “ಹೂಂ, ಒಂಬತ್ತ ದಿನಕ್ಕ ಪರೀಕ್ಷಾ” ಎಂದ ಮಾಳಸಿದ್ದ. ಅಪ್ಪ ಇನ್ನೂ ನೋಡುತ್ತಿದ್ದ. ಅವನ ಕಣ್ಣು ಎಲ್ಲಿ ನಿಂತಿದೆ ಎಂಬುದು ಮಾಳಸಿದ್ದನಿಗೆ ಗೊತ್ತಾಯಿತು. ಆ ಕಣ್ಣಿಗೆ ಬೆನ್ನು ಬಾಗಿದ್ದು ಕಾಣದೆ ಇರಲು ಸಾಧ್ಯವಿಲ್ಲ. ಆಗಲೇ ಅವನಿಗೆ ಹೊಳೆಯಿತು. ಮೂರು ತಿಂಗಳಿಂದ ತಾನು ಕಾಗದ, ಇಟ್ಟಂಗಿ, ಕೆಮ್ಮು ಎಂದು ಹುಡುಕುತ್ತಿದ್ದುದು ಇದೇ ಮನುಷ್ಯನ ನಾಲಿಗೆಯ ತುದಿಯಲ್ಲಿದೆ. ತಲೆ ಏಳದೆ ಬೆನ್ನು ಮಾತ್ರ ಏಳಬೇಕು. ಕೇಳಿದರೆ ಸಾಕು. ಕೇಳಲು ಬಾಯಿ ತೆರೆದ. “ಬಾ, ಚಾ ಕುಡದ ಬರೂನು” ಎಂದ.

ಬಜಾರಿನ ಹೋಟೆಲ್ಲಿಗೆ ಹೋಗುವ ದಾರಿಯಲ್ಲಿ ಮೂರು ಸಲ ಮಾತು ತುಟಿಯವರೆಗೆ ಬಂದು ಮರಳಿತು. ಅಪ್ಪ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದ, ಹಿಂಡಿನ ಹಿಂದೆ ನಡೆದ ಚಾಳಿ. ಐದು ವರ್ಷದ ಹಿಂದೆ ಜುಗೂಳದ ಹೊಳೆದಂಡೆಯಲ್ಲಿ ನೋಡಿದ್ದು ಮಾಳಸಿದ್ದನಿಗೆ ನೆನಪಾಯಿತು. ಹಬ್ಬಕ್ಕೆ ಊರಿಗೆ ಹೋದವನು ಕಚೇರಿಯ ಗೆಳೆಯನೊಬ್ಬನನ್ನು ಕೃಷ್ಣೆಯ ದಂಡೆಗೆ ಕರೆದೊಯ್ದಿದ್ದ. ಅಲ್ಲಿ ಅಪ್ಪ ರುಮಾಲು ಬಿಚ್ಚಿಹೋದದ್ದೂ ತಿಳಿಯದೆ, ಮಣ್ಣಿನ ಹೆಂಟೆ ಎತ್ತಿ ಬೀಸುತ್ತ, ಗಂಟಲು ಹರಿಯುವಂತೆ ಒದರುತ್ತ ಕುರಿಗಳ ಹಿಂದೆ ಓಡುತ್ತಿದ್ದ. ಕುರಿಗಳು ಯಾರದೋ ಕಬ್ಬಿಗೆ ನುಗ್ಗಿದ್ದವು. ಹೊಲದವನು ಅವ್ವ ಅಕ್ಕ ಎಂದು ಬಯ್ಯುತ್ತಿದ್ದ. ಗೆಳೆಯ, “ಯಾರ್ರಿ ಆ ಮುದುಕ?” ಎಂದ. ಮಾಳಸಿದ್ದ, “ಯಾರೋ ಕುರಿಯಂವ” ಎಂದು ಬೇರೆ ದಾರಿ ಹಿಡಿದ. ಅಪ್ಪನಿಗೆ ವಯಸ್ಸಾಯಿತು, ಹಿಡಿತ ತಪ್ಪಿತು ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದ. ಅದನ್ನು ನೆನೆದು ಈಗ ಕಿವಿ ಬಿಸಿಯಾಯಿತು.

ಅಪ್ಪ ಚಹಾವನ್ನು ಬಶಿಗೆ ಸುರಿದುಕೊಂಡು ಊದುತ್ತಿದ್ದ. ಈಗ ಕೇಳಬೇಕು ಎಂದು ಮಾಳಸಿದ್ದ ಟೇಬಲ್ಲಿನ ಮೇಲೆ ಬಾಗಿದ. ಬೆನ್ನ ಹಿಂದೆ ಟ್ಲಕ್ ಟ್ಲಕ್ ಎಂದಿತು. ಬೆನ್ನು ಸರ್ರನೆ ನೆಟ್ಟಗಾಯಿತು. ಹದಿನೇಳು ವರ್ಷ ಯಾವ ಕೆಮ್ಮಿಗೂ, ಸಾಹೇಬರ ಯಾವ ಗದರಿಕೆಗೂ ಏಳದ ಬೆನ್ನು. ತಿರುಗಿ ನೋಡಿದರೆ ಕಾಕಾಸಾಹೇಬ. ಬಿಳಿ ಅಂಗಿ, ಹೊಟ್ಟೆ, ಕೈಯಲ್ಲಿ ಮೋಟಾರ್ ಸೈಕಲ್ಲಿನ ಕೀಲಿ. ತೋಟದ ದ್ರಾಕ್ಷಿಯನ್ನು ಒಣಗಿಸಿ ಬೇದಾಣೆ ಮಾಡಿ ಮಾರುತ್ತ ದಪ್ಪಗಾಗಿದ್ದ. “ಕಾಯ ರೆ ಮಾಳ್ಯಾ! ಇನ್ನೂ ನೆನಪೈತಲ್ಲಲೇ ನಿನ್ನ ಮೈಗೆ! ನೋಡ್ರಿ, ನೋಡ್ರಿ, ಹ್ಯಾಂಗ ನೆಟ್ಟಗಾದ” ಎಂದು ಹೋಟೆಲ್ಲಿನವನಿಗೆ ಹೇಳುತ್ತ ಗಹಗಹಿಸಿದ. ಆಮೇಲೆ ಎದುರಿಗೆ ಕೂತವನು ಯಾರೆಂಬುದು ಕಂಡು, ಮುಖ ಮೆತ್ತಗಾಗಿ, “ಅರೆ, ಸತ್ಯಪ್ಪಜ್ಜಾ! ಆರಾಮ ಅದೀರೇನ್ರಿ? ನಮ್ಮವ್ವ ಭಾಳ ನೆನಸ್ತಿದ್ಲರಿ ನಿಮ್ಮನ್ನ” ಎಂದು ಬಾಗಿ ಕಾಲು ಮುಟ್ಟಿದ. ಅವನಲ್ಲಿ ಕೆಟ್ಟತನವಿರಲಿಲ್ಲ, ಅಂದೂ ಇರಲಿಲ್ಲವೇನೋ. ಮೂವರ ಚಹಾದ ದುಡ್ಡು ತಾನೇ ಕೊಟ್ಟು ಹೋದ. ಅಪ್ಪ ಬಶಿಯನ್ನು ಕೆಳಗಿಟ್ಟಿದ್ದ, ಎತ್ತಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು.

ಮನೆಯ ಮುಂದಿನ ಕಟ್ಟೆಗೆ ಬಂದು ಕೂತ ಮೇಲೆ ಮಾಳಸಿದ್ದ ಮುಖ ಬೇರೆ ಕಡೆ ತಿರುಗಿಸಿ ಹೇಳಿಬಿಟ್ಟ. ಮಿರಜಿನ ಡಾಕ್ಟರು, ಪಟ್ಟಾ, ಗುರುವಾರದ ಶಪಥ, ಎಲ್ಲ. “ಒಂಬತ್ತ ದಿನ ಇಲ್ಲೇ ಇರ ಅಪ್ಪಾ. ಪಡಸಾಲ್ಯಾಗ ಕೂಡ. ಆವಾಗ ನನಗ ಮಾಡ್ತಿದ್ದಿಯಲ್ಲಾ, ಹಂಗ ಅಕೀಗೂ ಮಾಡ. ಅಕೀಗೆ ತಿಳಿಯಂಗಿಲ್ಲ. ತಲಿ ಎತ್ತಂಗಿಲ್ಲ.”

ಅಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. “ಅದನ್ನ ಬಿಟ್ಟ ಭಾಳ ವರ್ಷ ಆತಲ್ಲೋ ಮಾಳೂ.”

“ಗೊತ್ತೈತಿ. ನಾನ ಬಿಡ ಅಂದಿದ್ದೆ. ನನಗ ಮಾಡೂದ ಬಿಟ್ಟಿ. ಕುರಿಗೆ ಮಾಡತಿದ್ದಿಯಲ್ಲಾ, ಅದನ್ನ…”

“ಕುರಿಗೂ ಮಾಡಿಲ್ಲ” ಎಂದ ಅಪ್ಪ.

ಮಾಳಸಿದ್ದ ತಿರುಗಿ ನೋಡಿದ. ಅಪ್ಪ ಬೀದಿಯಲ್ಲಿ ಹೋಗುವ ಎತ್ತಿನ ಗಾಡಿ ನೋಡುತ್ತ, ಮಳೆ ಬೆಳೆಯ ಸುದ್ದಿ ಹೇಳುವ ದನಿಯಲ್ಲೇ ಹೇಳಿದ: “ಅವತ್ತ ನೀ ಅಂದ ಮ್ಯಾಲ ಮಾಡಾಕ ಮನಸ್ಸ ಬರಲಿಲ್ಲೋ ತಮ್ಮಾ. ಬಾಯಿಗೆ ಬರ್ತಿತ್ತ. ಬಂದಾಗೆಲ್ಲಾ ನೀ ಸಿಟ್ಟಿಲೆ ನಿಂತದ್ದ ಕಣ್ಣಿಗೆ ಕಟ್ಟತಿತ್ತ. ಮಗನ ಮರ್ಯಾದಿ ಕಳದ ದನಿ ಅದು. ಮತ್ತ ಅದನ್ನ ಯಾವ ಬಾಯಿಲೆ ಮಾಡ್ಲಿ? ಬಡಿಗಿ ಹಿಡಕೊಂಡ, ಒದರಕೋತ ಕಾದ್ನೆಪಾ ಇಷ್ಟ ವರ್ಷ. ಮೊದಮೊದಲ ಕುರಿ ಗಾಬರ್ಯಾಗತಿದ್ವು. ಸೊರಗಿದ್ವು ಸ್ವಲ್ಪ. ಕಬ್ಬಿನಾಗ ಹೋಗಿ ಬೈಸಿದ್ವು. ಆಮ್ಯಾಲ ಹೊಂದಿಕೊಂಡ್ವು.”

ಹೊಳೆದಂಡೆಯಲ್ಲಿ ಹೆಂಟೆ ಬೀಸುತ್ತ ಓಡುತ್ತಿದ್ದ ಮುದುಕ. ಯಾರೋ ಕುರಿಯಂವ. ಮಾಳಸಿದ್ದನಿಗೆ ಈಗ ತಿಳಿಯಿತು. ಸುತ್ತಲಿನ ಊರುಗಳಲ್ಲೆಲ್ಲ ಒಬ್ಬನಿಗೇ ಗೊತ್ತಿದ್ದ ಒಂದು ವಿದ್ಯೆಯನ್ನು ತಾನು ಹದಿನಾರರ ವಯಸ್ಸಿನಲ್ಲಿ, ಬುತ್ತಿ ಉಣ್ಣುವ ಹೆಣ್ಣಾಳುಗಳ ಮುಂದೆ, ಎರಡು ನಿಮಿಷದಲ್ಲಿ ಕೊಂದುಹಾಕಿದ್ದ. ಅಪ್ಪ ಅದನ್ನು ಯಾರಿಗೂ ಹೇಳದೆ ಇಷ್ಟು ವರ್ಷ ಒದರಿ ಒದರಿ ಗಂಟಲು ಕೆಡಿಸಿಕೊಂಡಿದ್ದ. ಕ್ಷಮಿಸು ಎಂಬ ಮಾತು ಅವನಿಗೆ ಅರ್ಜಿಯ ಕೊನೆಯಲ್ಲಿ ಟೈಪು ಮಾಡಿ ಗೊತ್ತಿತ್ತೇ ಹೊರತು ಅಪ್ಪನ ಮುಂದೆ ಆಡಿ ಗೊತ್ತಿರಲಿಲ್ಲ. “ತಪ್ಪಾತ ಅಪ್ಪಾ” ಎಂದ.

“ಹುಡುಗನ ಮಾತ ಹಿಡದ್ರ ಹ್ಯಾಂಗೋ” ಎಂದ ಅಪ್ಪ. ಆಮೇಲೆ, “ನೀನ ಮಾಡ ಅಂದ್ರ ಮಾಡ್ತೇನಿ ತಗೊ. ಅದಕ್ಕೇನ” ಎಂದು ನೆಟ್ಟಗೆ ಕೂತು, ಕಣ್ಣು ಮುಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿದ. ಹಲ್ಲಿಲ್ಲದ ಬಾಯಿಂದ ಹಸಿ ಗಾಳಿ ಬಂತು. ಇನ್ನೊಮ್ಮೆ ಮಾಡಿದ. ಎಂಜಲು ತುಟಿಗೆ ಬಂತು. ಅಂಗೈಯಿಂದ ಒರೆಸಿಕೊಂಡು, ಸಣ್ಣ ಹುಡುಗನಂತೆ ನಾಚಿ ನಕ್ಕ: “ನಾಲಗಿ ಮರತೈತಿ ನೋಡ.” ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಳ್ಳುತ್ತ ಕೇಳಿದ: “ಬೆನ್ನ ನೋಯತೈತೇನು ಅಂತ ಅಕೀನ ಕೇಳಿದಿ ಏನು?”

ಮಾಳಸಿದ್ದ ನೆನಪು ಮಾಡಿಕೊಂಡ. ಮೂರು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

“ನಾನೂ ನಿನ್ನ ಕೇಳಿದ್ದಿಲ್ಲ. ಅದ ತಪ್ಪಾತ ನಂದು” ಎಂದ ಅಪ್ಪ. “ಕುರಿ ಕೇಳಿದ್ರ ಹೇಳಂಗಿಲ್ಲ. ನೀ ಹೇಳತಿದ್ದಿ.”

ಒಳಕೋಣೆಯಲ್ಲಿ ತಾರವ್ವ ಹಾಗೆಯೇ ಬಾಗಿದ್ದಳು, ಪೆನ್ನು ಸರಸರ ಓಡುತ್ತಿತ್ತು. ಮಾಳಸಿದ್ದ ಅವಳ ಕುರ್ಚಿಯ ಹಿಂದೆ ಹೋಗಿ ನಿಂತ. ಒಂದು ಮಾತು ತಪ್ಪಿದರೆ ಪೆನ್ನು ಗೋಡೆಗೆ ಹೋಗುತ್ತದೆ, ಪರೀಕ್ಷೆಯೂ ಹೋಗುತ್ತದೆ. ಬಹಳ ಮೆಲ್ಲಗೆ, “ತಾರಾ, ಬೆನ್ನ ನೋಯತೈತೇನವಾ?” ಎಂದ.

ಪೆನ್ನು ನಿಲ್ಲಲಿಲ್ಲ. “ಹೂಂ” ಎಂದಳು. ಇನ್ನೊಂದು ಸಾಲು ಬರೆದು ಮುಗಿಸಿ, ತಲೆ ಎತ್ತದೆಯೇ ಎಡಗೈಯನ್ನು ಹಿಂದಕ್ಕೆ ತಂದು ಹೆಗಲಿನ ಕೆಳಗೆ ಒಂದು ಕಡೆ ಮುಟ್ಟಿ ತೋರಿಸಿದಳು. “ಇಲ್ಲಿ. ಭಾಳ ನೋಯತೈತಿ. ದಿನಾ.”

“ಯಾಕ ಹೇಳಲಿಲ್ಲ?”

“ನೀ ಕೇಳಲಿಲ್ಲ.” ಮತ್ತೆ ಪೆನ್ನು ಓಡಿತು. “ಅಲ್ಲೇ ಕೈ ಇಡಪಾ. ಮಾತಾಡಬ್ಯಾಡ.”

ಅವನು ಅಂಗೈ ಇಟ್ಟ. ಜಂಪರಿನ ಕೆಳಗೆ ಎಳೆಯ ಎಲುಬು ಬಿಸಿಯಾಗಿತ್ತು. ಒತ್ತಲಿಲ್ಲ, ಎತ್ತಲಿಲ್ಲ, ಸುಮ್ಮನೆ ಇಟ್ಟುಕೊಂಡು ನಿಂತ. ಅವಳು ಒಂದು ಲೆಕ್ಕ ಬಿಡಿಸಿದಳು. ಇನ್ನೊಂದನ್ನು ಶುರು ಮಾಡಿದಳು. ಅದರ ನಡುವೆ ಎಲ್ಲಿಯೋ, ಅವಳಿಗೂ ತಿಳಿಯದೆ, ಆ ಬೆನ್ನು ಹಿಂದಕ್ಕೆ ಸರಿದು ಅವನ ಅಂಗೈಗೆ ತನ್ನ ಭಾರ ಕೊಟ್ಟಿತು. ಮಾಳಸಿದ್ದನ ಕಣ್ಣು ತುಂಬಿದವು. ಅಪ್ಪನನ್ನು ಹುಡುಕಿ ತಿರುಗಿದ. ಅಪ್ಪ ಅವನ ಹಿಂದೆಯೇ ಎದ್ದು ಬಂದು ಕೋಣೆಯ ಹೊಸ್ತಿಲ ಆಚೆ ನಿಂತಿದ್ದ. ಒಳಗೆ ಬಾ ಎಂದು ಕರೆಯಬೇಕೆನಿಸಿತು, ಮಾತಾಡುವ ಹಾಗಿರಲಿಲ್ಲ. ಇನ್ನೊಂದು ಕೈ ಚಾಚಿ, ಬಾ ಎಂದು ಬೆರಳು ಆಡಿಸಿದ. ಅಪ್ಪ ಟೇಬಲ್ಲು ನೋಡಿದ, ಪುಸ್ತಕ ನೋಡಿದ. ಬೇಡ, ಹುಡುಗಿ ಓದುತ್ತಿದ್ದಾಳೆ ಎಂಬಂತೆ ತಲೆಯಾಡಿಸಿದ. ಮಾಳಸಿದ್ದ ಮತ್ತೆ ಕರೆದ. ಅಪ್ಪ ತನ್ನ ಅಂಗಿಯ ತೋಳನ್ನು ಮೂಗಿಗೆ ಹಿಡಿದು ಒಮ್ಮೆ ಮೂಸಿ ನೋಡಿಕೊಂಡ, ಆಮೇಲೆ ಹೊಸ್ತಿಲ ಆಚೆಯೇ ನೆಲದ ಮೇಲೆ ಕೂತ.